ಸೊಂಡೆಕೊಪ್ಪದ ಹಾಸ್ಟೆಲ್: ತಲೆ ಎಣಿಸುವ ಕಾನೂನು, ಮನೆ ಎಣಿಸುವ ಕಾನೂನು

ಶಿವಗಂಗೆ ಬೆಟ್ಟ ಹತ್ತಿದವರಿಗೆ ತುದಿಯ ಹತ್ತಿರ ಒಂದು ಕಡಿದಾದ ಜಾಗವನ್ನು ತೋರಿಸಿ, ಶಾಂತಲೆ ಹಾರಿಕೊಂಡದ್ದು ಇಲ್ಲಿಂದಲೇ ಎಂದು ಹೇಳುತ್ತಾರೆ. ಹಾರಿಕೊಂಡಳು ಎಂಬುದು ಜನರ ಬಾಯಲ್ಲಿ ಬೆಳೆದ ಕತೆ. ಶಾಸನ ಹೇಳುವುದು ಇಷ್ಟು: ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ತೀರಿಕೊಂಡಳು. ಶ್ರವಣಬೆಳಗೊಳದಲ್ಲಿ ಆಕೆಯೇ ಕಟ್ಟಿಸಿದ ಸವತಿಗಂಧವಾರಣ ಬಸದಿಯಲ್ಲಿ ಈ ದಾಖಲೆ ಇದೆ. ಅಲ್ಲಿಗೆ ಮುಗಿಸದೆ ಶಾಸನ ಆಕೆಯ ತಾಯಿಯ ಮಾತನ್ನೂ ತೆಗೆಯುತ್ತದೆ. ಮಗಳು ಹೋದ ಮೇಲೆ ತಾನು ಉಳಿಯಲಾರೆ ಎಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸ ಹಿಡಿದು ಪ್ರಾಣ ಬಿಟ್ಟಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನ ಶ್ರಾವಕಿ ಎಂಬುದೂ ಈ ಶಾಸನಗಳಿಂದಲೇ ತಿಳಿಯುತ್ತದೆ. ಒಬ್ಬಳ ಸಾವನ್ನು ಬರೆಯಲು ಹೊರಟ ಕವಿ ಒಂದು ಮನೆಯನ್ನೇ ಬರೆದಿದ್ದಾನೆ.

ಅರಸಿಯ ಮನೆಯಾದ್ದರಿಂದ ಅದು ಕಲ್ಲಿನ ಮೇಲೆ ಬಂತು, ನಿಜ. ಆದರೆ ಅದೇ ನೆಲಮಂಗಲ ತಾಲ್ಲೂಕಿನಲ್ಲಿ, ಶಿವಗಂಗೆಗೆ ಬೆನ್ನು ಮಾಡಿ ಬೆಂಗಳೂರಿನ ಕಡೆ ಬಂದರೆ ಸಿಗುವ ಸೊಂಡೆಕೊಪ್ಪದಲ್ಲಿ ಇವತ್ತು ಇನ್ನೊಂದು ಬಗೆಯ ದಾಖಲೆ ತಯಾರಾಗುತ್ತದೆ. ಅದರಲ್ಲಿ ಹೆಸರು, ದೇಶ, ಬಂದ ದಿನ, ಪ್ರಕರಣದ ಸಂಖ್ಯೆ ಇರುತ್ತವೆ. ಮನೆ ಇರುವುದಿಲ್ಲ. ಕರ್ನಾಟಕದ ಮೊದಲ ವಿದೇಶಿಯರ ಬಂಧನ ಕೇಂದ್ರ ಇರುವುದು ಇಲ್ಲಿ. ಗಡಿ ಎಂದರೆ ನಮಗೆ ಬೆಳಗಾವಿ ಅಥವಾ ಕಾಸರಗೋಡು ನೆನಪಾಗುತ್ತದೆ. ಬಾಂಗ್ಲಾದೇಶದ ಗಡಿಯಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಈ ಹಳ್ಳಿಗೆ ದೇಶದ ಗಡಿ ಹೇಗೆ ಬಂತು, ಬರುವಾಗ ಅದು ಮನೆಗಳನ್ನು ಏಕೆ ಒಡೆಯಿತು ಎಂಬುದು ಈ ಬರಹದ ಪ್ರಶ್ನೆ.

ಹಾಸ್ಟೆಲ್ ಇದ್ದ ಕಟ್ಟಡ

ಸೊಂಡೆಕೊಪ್ಪದ ಕಟ್ಟಡವನ್ನು ಯಾರನ್ನೂ ಕೂಡಿಹಾಕಲು ಕಟ್ಟಿದ್ದಲ್ಲ. ಅದು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿತ್ತು. ಊರಲ್ಲಿ ಹೈಸ್ಕೂಲು ಇಲ್ಲದ, ಮನೆಯಲ್ಲಿ ಓದಿಗೆ ಅನುಕೂಲವಿಲ್ಲದ ಮಕ್ಕಳು ಉಳಿದು ಓದಲಿ ಎಂದು ರಾಜ್ಯದುದ್ದಕ್ಕೂ ಕಟ್ಟಿದ ಸಾವಿರಾರು ಹಾಸ್ಟೆಲುಗಳಲ್ಲಿ ಒಂದು. ಆರು ಕೊಠಡಿ, ಅಡುಗೆಮನೆ, ಸ್ನಾನದ ಕೋಣೆಗಳು. ಮಕ್ಕಳಿಲ್ಲದೆ ಕೆಲವು ವರ್ಷ ಖಾಲಿ ಬಿದ್ದಿತ್ತು. 2019ರಲ್ಲಿ ಅದರ ಕಾಂಪೌಂಡ್ ಗೋಡೆಯ ಮೇಲೆ ಮುಳ್ಳುತಂತಿ ಬಂತು, ಕಾವಲು ಗೋಪುರ ಎದ್ದಿತು. ಸುಮಾರು ಎರಡು ಡಜನ್ ಜನರನ್ನು ಇಡಬಹುದಾದ ಕೇಂದ್ರ ಆ ವರ್ಷದ ಡಿಸೆಂಬರ್ ಕೊನೆಯ ಹೊತ್ತಿಗೆ ಸಿದ್ಧವಾಯಿತು. ಪೌರತ್ವ ತಿದ್ದುಪಡಿ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿ ಆಗಿನ್ನೂ ಎರಡು ವಾರವಾಗಿರಲಿಲ್ಲ. ದೇಶವೆಲ್ಲ ಅದರದ್ದೇ ಮಾತಾಗಿದ್ದರಿಂದ ಸೊಂಡೆಕೊಪ್ಪದ ಹೆಸರು ದೆಹಲಿಯ ಪತ್ರಿಕೆಗಳಲ್ಲೂ ಬಂತು. ಇದಕ್ಕೂ ಪೌರತ್ವದ ವಿವಾದಕ್ಕೂ ಸಂಬಂಧವಿಲ್ಲ, ವೀಸಾ ಅವಧಿ ಮುಗಿದ ಮೇಲೂ ಉಳಿದು ಅಪರಾಧಗಳಲ್ಲಿ ತೊಡಗಿದ ವಿದೇಶಿಯರಿಗಾಗಿ ಇದು ಎಂದು ಅಂದಿನ ಗೃಹ ಸಚಿವ ಬಸವರಾಜ ಬೊಮ್ಮಾಯಿ ಹೇಳಿದರು.

ಕೇಂದ್ರದ ಹಿಂದೆ ಒಂದು ಕಾನೂನಿನ ಕತೆಯೂ ಇದೆ, ಮತ್ತು ನ್ಯಾಯವಾಗಿ ಅದನ್ನೂ ಹೇಳಬೇಕು. ಶಿಕ್ಷೆ ಮುಗಿಸಿದ ವಿದೇಶಿಯೊಬ್ಬನನ್ನು ಅವನ ದೇಶ ಒಪ್ಪಿಕೊಳ್ಳುವ ತನಕ ಏನು ಮಾಡುವುದು? ಹಳೆಯ ಉತ್ತರ ಸುಲಭವಾಗಿತ್ತು: ಜೈಲಿನಲ್ಲೇ ಇರಲಿ. ಶಿಕ್ಷೆ ಮುಗಿದವನನ್ನು ಜೈಲಿನಲ್ಲಿಡುವುದು ತಪ್ಪು ಎಂಬ ವಾದ ಸುಪ್ರೀಂ ಕೋರ್ಟಿಗೆ ಹೋಯಿತು. 2012ರಲ್ಲಿ ಕೇಂದ್ರ ಗೃಹ ಸಚಿವಾಲಯ ಎಲ್ಲ ರಾಜ್ಯಗಳಿಗೆ ಸೂಚನೆ ಕಳಿಸಿ, ಇಂಥವರನ್ನು ಜೈಲಿನಿಂದ ಬಿಡಿಸಿ, ಓಡಾಟಕ್ಕೆ ಮಿತಿಯಿರುವ ಬೇರೆ ಜಾಗದಲ್ಲಿಡಿ ಎಂದಿತು. 2019ರ ಜನವರಿಯಲ್ಲಿ ಕೇಂದ್ರಗಳು ಹೇಗಿರಬೇಕೆಂಬ ಮಾದರಿ ಕೈಪಿಡಿ ಬಂತು. ಅದರಲ್ಲಿ ಬೆಳಕು, ನೀರು, ಹಾಸಿಗೆ, ವೈದ್ಯರ ಜೊತೆಗೆ ಹಾಲೂಡಿಸುವ ತಾಯಂದಿರ ಬಗ್ಗೆ, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವ ಬಗ್ಗೆಯೂ ಮಾತಿದೆ. ಅದೇ ವರ್ಷ ಜಾಮೀನು ಅರ್ಜಿಗಳ ವಿಚಾರಣೆಯಲ್ಲಿ ರಾಜ್ಯ ಸರ್ಕಾರ ಹೈಕೋರ್ಟಿಗೆ ಕೊಟ್ಟ ಲೆಕ್ಕ ಹೀಗಿತ್ತು: 24 ದೇಶಗಳ 866 ಮಂದಿಯ ಮೇಲೆ 612 ಪ್ರಕರಣಗಳು, ಜಿಲ್ಲೆಗಳಲ್ಲಿ 35 ತಾತ್ಕಾಲಿಕ ಬಂಧನ ಕೇಂದ್ರಗಳಿಗೆ ಜಾಗ ಗುರುತಾಗಿದೆ.

ಲೆಕ್ಕವನ್ನು ಗಮನಿಸಿ. ಮಂದಿ ಎಷ್ಟು, ದೇಶ ಎಷ್ಟು, ಪ್ರಕರಣ ಎಷ್ಟು ಎಂಬುದು ಅದರಲ್ಲಿದೆ. ಆ 866ರಲ್ಲಿ ಗಂಡ-ಹೆಂಡತಿ ಎಷ್ಟು ಜೋಡಿ, ತಾಯಿ-ಮಕ್ಕಳು ಎಷ್ಟು ಎಂಬುದು ಇಲ್ಲ. ಅದನ್ನು ಯಾರೋ ಬಚ್ಚಿಟ್ಟರೆಂದು ಹೇಳುತ್ತಿಲ್ಲ. ಆ ಕಾನೂನಿಗೆ ಹಾಗೆ ಎಣಿಸುವ ಅಭ್ಯಾಸವೇ ಇಲ್ಲ. ಆ ಅಭ್ಯಾಸ ಎಲ್ಲಿಂದ ಬಂತು ಎಂದು ನೋಡಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಬೆಳಗಾವಿಯಲ್ಲಿ ಹೆಂಡತಿ, ಅಹಮದ್‌ನಗರದಲ್ಲಿ ಗಂಡ

ಬ್ರಿಟಿಷ್ ಭಾರತದಲ್ಲಿ ವಿದೇಶಿಯರನ್ನು ಹಿಡಿದಿಡುವ, ಹೊರಗಟ್ಟುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟ ಮೊದಲ ಕಾಯ್ದೆ 1864ರದ್ದು. ಅದಕ್ಕೆ ನಿಜವಾದ ಹಲ್ಲು ಬಂದದ್ದು 1914ರ ಆಗಸ್ಟಿನಲ್ಲಿ, ಮೊದಲ ಮಹಾಯುದ್ಧ ಶುರುವಾದಾಗ ಹೊರಟ ಸುಗ್ರೀವಾಜ್ಞೆಯಿಂದ. ಆಗ ಕನ್ನಡ ನಾಡಿನಲ್ಲಿ ಇದರ ಬಿಸಿ ಮೊದಲು ತಟ್ಟಿದ್ದು ಕನ್ನಡದ ಓದುಗರೆಲ್ಲ ಬಲ್ಲ ಒಂದು ಸಂಸ್ಥೆಗೆ: ಬಾಸೆಲ್ ಮಿಷನ್.

1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಷನ್ ಎಂಬತ್ತು ವರ್ಷಗಳಲ್ಲಿ ಕರಾವಳಿ ಮತ್ತು ಧಾರವಾಡ ಸೀಮೆಯ ಬದುಕಿನೊಳಗೆ ಬೇರುಬಿಟ್ಟಿತ್ತು. 1843ರ ‘ಮಂಗಳೂರ ಸಮಾಚಾರ’ ಹೊರಬಂದದ್ದು ಅದರ ಹೆರ್ಮನ್ ಮೋಗ್ಲಿಂಗನ ಕೈಯಿಂದ. 1894ರಲ್ಲಿ ಫರ್ಡಿನಾಂಡ್ ಕಿಟೆಲ್ಲನ ನಿಘಂಟು ಅಚ್ಚಾದದ್ದು ಅದರದೇ ಮುದ್ರಣಾಲಯದಲ್ಲಿ. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ, ಶಾಲೆಗಳು ಬೇರೆ. ಕೇಂದ್ರ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಜರ್ಮನರು. ಯುದ್ಧ ಘೋಷಣೆಯಾದದ್ದೇ ಅವರು ‘ಶತ್ರು ವಿದೇಶಿ’ಗಳಾದರು. ಅವರು ಮಾಡಿದ್ದು ಏನು ಎಂಬ ಪ್ರಶ್ನೆ ಅಲ್ಲಿ ಬರಲೇ ಇಲ್ಲ. ಪಾಸ್‌ಪೋರ್ಟು ಯಾವುದು ಎಂಬುದಷ್ಟೇ ಬಂತು. ಕನ್ನಡ ಅವರಿಗೆ ಎಷ್ಟು ಗೊತ್ತಿತ್ತು, ಎಷ್ಟು ವರ್ಷ ಇಲ್ಲಿದ್ದರು, ಮಕ್ಕಳು ಎಲ್ಲಿ ಹುಟ್ಟಿದರು ಎಂಬುದಕ್ಕೆ ಬೆಲೆ ಇರಲಿಲ್ಲ.

ಹಿಡಿದವರನ್ನು ಎರಡು ಭಾಗ ಮಾಡಲಾಯಿತು. ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರು ಅಹಮದ್‌ನಗರದ ಶಿಬಿರಕ್ಕೆ ಹೋದರು. ಹೆಂಗಸರು ಮಕ್ಕಳಿಗಾಗಿ ಬೆಳಗಾವಿಯಲ್ಲಿ ಶಿಬಿರ ತೆರೆಯಿತು. ಹೀಗೆ ಬೇರೆ ಮಾಡುವುದಕ್ಕೆ ಯುದ್ಧದ ತರ್ಕ ಇತ್ತು: ಗಂಡಸು ನಾಳೆ ಸೈನಿಕನಾಗಬಲ್ಲ, ಹೆಂಗಸು ಮಕ್ಕಳಿಂದ ಅಪಾಯವಿಲ್ಲ. ಆದರೆ ಆ ತರ್ಕದ ಪ್ರಕಾರ ಅಪಾಯವಿಲ್ಲದವರೂ ಶಿಬಿರದಲ್ಲೇ ಇದ್ದರು ಎಂಬುದು ಮುಖ್ಯ. 1915ರ ಕೊನೆ ಮತ್ತು 1916ರ ಮೊದಲಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಎರಡು ಸಲ ಹೋಗಿ ಇಂಥ ನೂರಾರು ಜನರನ್ನು ಯುರೋಪಿಗೆ ಸಾಗಿಸಿತು. ಅದರಲ್ಲೂ ಎಲ್ಲ ಮನೆಗಳೂ ಒಟ್ಟಿಗೆ ಹತ್ತಲಿಲ್ಲ; ಯುದ್ಧ ಮುಗಿಯುವ ತನಕ ಅಹಮದ್‌ನಗರದಲ್ಲೇ ಉಳಿದ ಗಂಡಸರಿದ್ದರು. ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಒಡೆಯನ ಕೈಗೆ ಹೋದವು.

ಎರಡನೆಯ ಮಹಾಯುದ್ಧದಲ್ಲಿ ಇದೇ ಮಾದರಿ ಮತ್ತೆ ಬಂತು. ಜರ್ಮನ್ ಗಂಡಸರು ಕೊನೆಗೆ ಡೆಹ್ರಾಡೂನಿನಲ್ಲಿ, ಕುಟುಂಬಗಳು ಪುರಂದರ, ಸಾತಾರಗಳಲ್ಲಿ. ಬೆಂಗಳೂರಿನ ಸುತ್ತ ಸಾವಿರಾರು ಇಟಾಲಿಯನ್ ಯುದ್ಧ ಕೈದಿಗಳಿದ್ದರು. 1940ರಲ್ಲಿ ಯುದ್ಧಕಾಲಕ್ಕೆಂದೇ ಮಾಡಿದ ಕಾನೂನು ಯುದ್ಧ ಮುಗಿದ ಮೇಲೆ ಸಾಯಬೇಕಿತ್ತು. ಬದಲಿಗೆ 1946ರ ನವೆಂಬರಿನಲ್ಲಿ ವಿದೇಶಿಯರ ಕಾಯ್ದೆಯಾಗಿ ಅದು ಕಾಯಂ ಆಯಿತು. ಅದರ 9ನೇ ಕಲಮು ಇವತ್ತಿನ ಕತೆಗೆ ಕೀಲಿಕೈ. ನೀನು ವಿದೇಶಿ ಎಂದು ಸರ್ಕಾರ ಹೇಳಿದರೆ, ಅಲ್ಲ ಎಂದು ತೋರಿಸುವ ಹೊಣೆ ನಿನ್ನದೇ. ಕೊಲೆ ಆರೋಪಿಯ ಮೇಲಿನ ಆರೋಪವನ್ನು ಸರ್ಕಾರ ಸಾಬೀತು ಮಾಡಬೇಕು. ವಿದೇಶಿ ಎಂಬ ಆರೋಪವನ್ನು ಆರೋಪಿಯೇ ಸುಳ್ಳೆಂದು ತೋರಿಸಬೇಕು. ಹಡಗಿನಲ್ಲಿ ಪಾಸ್‌ಪೋರ್ಟು ಹಿಡಿದು ಬರುವ ಯುರೋಪಿಯನ್ನರ ಕಾಲಕ್ಕೆ ಹೊಂದುತ್ತಿದ್ದ ಈ ಕಲಮು, ಒಂದೇ ವರ್ಷದೊಳಗೆ ದೇಶವೇ ಒಡೆದು ಕೋಟ್ಯಂತರ ಜನ ಕಾಗದವಿಲ್ಲದೆ ನಡೆದುಹೋದ ಉಪಖಂಡಕ್ಕೆ ಅಂಟಿಕೊಂಡಿತು.

ಎಕರೆಯ ಲೆಕ್ಕ, ತಲೆಯ ಲೆಕ್ಕ

ಬಂಗಾಳವನ್ನು ಎರಡು ಮಾಡಿದ ಗೆರೆ 1947ರಲ್ಲಿ ಬಿತ್ತು. ಭಾರತ ಮತ್ತು ಪೂರ್ವ ಪಾಕಿಸ್ತಾನದ ನಡುವೆ ಪಾಸ್‌ಪೋರ್ಟು ಬಂದದ್ದು 1952ರಲ್ಲಿ. ಅಲ್ಲಿಯ ತನಕ, ಅದಾದ ಮೇಲೂ, ಆ ಗೆರೆಯ ಆಚೆ ಈಚೆ ಜನ ಸಂತೆಗೆ, ಮದುವೆಗೆ, ಕೂಲಿಗೆ ಹೋಗಿ ಬರುತ್ತಲೇ ಇದ್ದರು. ಇವತ್ತು 4,096 ಕಿಲೋಮೀಟರ್ ಉದ್ದದ ಆ ಗಡಿ ನದಿ, ಹೊಲ, ಕೆಲವೆಡೆ ಊರುಗಳ ನಡುವೆಯೇ ಹಾದುಹೋಗುತ್ತದೆ.

ಆ ಗೆರೆಯ ಆಚೆಯಿಂದ ಬಂದವರು ಕರ್ನಾಟಕಕ್ಕೆ ಹೊಸಬರಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿಗೆ ಹೋದರೆ ‘ಆರ್.ಎಚ್. ಕ್ಯಾಂಪ್’ ಎಂಬ ಹೆಸರಿನ ಊರುಗಳು ಸಿಗುತ್ತವೆ. ಒಂದು, ಎರಡು, ಮೂರು ಎಂದು ಅಂಕಿಯಿಂದ ಗುರುತಿಸುವ ಊರುಗಳು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ನಿರಾಶ್ರಿತರನ್ನು 1970ರ ಆಸುಪಾಸಿನಲ್ಲಿ ಸರ್ಕಾರವೇ ತಂದು ತುಂಗಭದ್ರಾ ನೀರಾವರಿಯ ಸೀಮೆಯಲ್ಲಿ ನೆಲೆಗೊಳಿಸಿದ ಜಾಗಗಳಿವು. ಕುಟುಂಬಕ್ಕೆ ಇಷ್ಟು ಎಂದು ಜಮೀನು ಕೊಟ್ಟರು, ಮನೆ ಕಟ್ಟಲು ಜಾಗ ಕೊಟ್ಟರು. ಆ ನೆಲದಲ್ಲಿ ಹುಟ್ಟಿದವರು ಇಂದು ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಬಂಗಾಳಿ ಆಡುತ್ತಾ, ಭತ್ತ ಬೆಳೆಯುತ್ತಾರೆ. ಇವರಲ್ಲೂ ಪೌರತ್ವದ ಕಾಗದಕ್ಕಾಗಿ ವರ್ಷಗಟ್ಟಲೆ ಅಲೆದವರಿದ್ದಾರೆ. ಆದರೂ ಒಂದು ಮಾತು ನಿಜ: ಸರ್ಕಾರ ಅವರನ್ನು ಮನೆ ಮನೆಯಾಗಿ ಎಣಿಸಿತು. ಎಕರೆ ಹಂಚುವಾಗ ಬೇರೆ ದಾರಿಯಿಲ್ಲ. ಉಳುವುದು ಮನೆ, ಒಬ್ಬಂಟಿ ತಲೆಯಲ್ಲ.

ಇದಕ್ಕೆ ವಿರುದ್ಧದ ಉದಾಹರಣೆಯೂ ನಮ್ಮಲ್ಲೇ ಇದೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವ ತಮಿಳು ಕಾರ್ಮಿಕರಲ್ಲಿ ಬಹುತೇಕರು ಶ್ರೀಲಂಕಾದಿಂದ ಕಳಿಸಲ್ಪಟ್ಟವರು, ಅವರ ಮಕ್ಕಳು, ಮೊಮ್ಮಕ್ಕಳು. ಬ್ರಿಟಿಷರು ಚಹಾ ತೋಟಕ್ಕೆಂದು ಒಯ್ದ ಕೂಲಿಗಳ ವಂಶ ಇದು. ಸ್ವತಂತ್ರ ಸಿಲೋನ್ ಅವರನ್ನು ತನ್ನವರೆನ್ನಲಿಲ್ಲ, ಭಾರತವೂ ತಕ್ಷಣ ಒಪ್ಪಲಿಲ್ಲ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಕೂತು ಲೆಕ್ಕ ಮಾಡಿದರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಮಂದಿಯ ವಿಚಾರ ಆಮೇಲೆ. ಗೋದಾಮಿನ ಮೂಟೆಗಳನ್ನು ಹಂಚುವ ಹಾಗಿನ ಈ ಲೆಕ್ಕದಲ್ಲಿ ಅಣ್ಣ ಒಂದು ದೇಶಕ್ಕೆ, ತಮ್ಮ ಇನ್ನೊಂದಕ್ಕೆ ಬಿದ್ದ ಮನೆಗಳಿವೆ. ಮಂಡಪಂ ಶಿಬಿರ ದಾಟಿ ಬಂದವರಲ್ಲಿ ಒಂದು ಪಾಲು ದಕ್ಷಿಣ ಕನ್ನಡದ ಕಾಡಂಚಿಗೆ ಬಂತು. ಇಲ್ಲಿ ಯಾರೂ ಅವರನ್ನು ಕೂಡಿಹಾಕಲಿಲ್ಲ, ಕೆಲಸ ಕೊಟ್ಟರು. ಆದರೆ ಒಪ್ಪಂದ ಒಡೆದ ಮನೆ ಒಡೆದೇ ಉಳಿಯಿತು.

ಈ ಎರಡನ್ನು ಪಕ್ಕದಲ್ಲಿಟ್ಟರೆ ಒಂದು ಸಂಗತಿ ತಿಳಿಯುತ್ತದೆ. ಸರ್ಕಾರಕ್ಕೆ ಮನೆಯನ್ನು ಎಣಿಸಲು ಬರುವುದಿಲ್ಲ ಎಂಬುದು ಸುಳ್ಳು. ಜಮೀನು ಕೊಡುವಾಗ, ಪಡಿತರ ಚೀಟಿ ಬರೆಯುವಾಗ, ಜನಗಣತಿ ಮಾಡುವಾಗ ಅದು ಮನೆಯನ್ನೇ ಎಣಿಸುತ್ತದೆ. ಕಳಿಸುವಾಗ, ಕೂಡಿಹಾಕುವಾಗ ಮಾತ್ರ ತಲೆ ಎಣಿಸುತ್ತದೆ.

ಒಬ್ಬ ಹುಡುಗನ ದಾರಿ

ಈಗ ಇವತ್ತಿಗೆ ಬರೋಣ. ಬೆಂಗಳೂರಿನ ಬೆಳ್ಳಂದೂರು, ಮಾರತ್ತಹಳ್ಳಿ, ರಾಮಮೂರ್ತಿನಗರದ ಕಡೆ ತಗಡಿನ ಶೆಡ್ಡುಗಳಲ್ಲಿ ನಗರದ ಕಸ ವಿಂಗಡಿಸುವವರಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರದವರಿದ್ದಾರೆ. ಗಡಿ ದಾಟಿ ಬಂದವರೂ ಇದ್ದಾರೆ. ಅಲ್ಲಿ ತಂದೆ, ತಾಯಿ, ಹತ್ತು ವರ್ಷದ ಮಗ, ಎರಡು ವರ್ಷದ ಮಗಳು ಇರುವ ಒಂದು ಮನೆ ಇದೆ ಎಂದು ಇಟ್ಟುಕೊಳ್ಳಿ. ದಲ್ಲಾಳಿಗೆ ಹಣ ಕೊಟ್ಟು ರಾತ್ರಿ ಗಡಿ ದಾಟಿ, ಹೌರಾದಿಂದ ರೈಲು ಹತ್ತಿ ಬಂದವರು. ಒಂದು ಬೆಳಗ್ಗೆ ಪೊಲೀಸರು ಬಂದು ಕಾಗದ ಕೇಳುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದನ್ನು ಕಾನೂನು ಬರೆದಿಟ್ಟಿದೆ. ಕಲ್ಪಿಸಬೇಕಾದ್ದು ಏನೂ ಇಲ್ಲ.

ಕಾಗದವಿಲ್ಲದೆ ದೇಶದೊಳಗೆ ಬಂದದ್ದಕ್ಕೆ, 2004ರಲ್ಲಿ 1946ರ ಕಾಯ್ದೆಗೆ ಸೇರಿಸಿದ ಕಲಮಿನ ಪ್ರಕಾರ, 2025ರ ತನಕ ಎರಡರಿಂದ ಎಂಟು ವರ್ಷ ಸೆರೆ ಇತ್ತು. ತಂದೆ ಗಂಡಸರ ಜೈಲಿಗೆ ಹೋಗುತ್ತಾನೆ. ತಾಯಿ ಹೆಂಗಸರ ವಿಭಾಗಕ್ಕೆ. ಎರಡು ವರ್ಷದ ಮಗಳು ತಾಯಿಯ ಜೊತೆ ಹೋಗಬಹುದು, ಏಕೆಂದರೆ ಆರು ವರ್ಷದವರೆಗಿನ ಮಕ್ಕಳು ಜೈಲಿನಲ್ಲಿ ತಾಯಿಯ ಬಳಿ ಇರಬಹುದೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತು ವರ್ಷದ ಹುಡುಗ ಇವರಾರ ಜೊತೆಯೂ ಹೋಗುವಂತಿಲ್ಲ. ಮಗುವನ್ನು ಜೈಲಿಗೆ ಹಾಕಬಾರದೆಂಬ ಒಳ್ಳೆಯ ಕಾನೂನೇ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿ, ಬಾಲಮಂದಿರಕ್ಕೆ ಕಳಿಸುತ್ತದೆ. ಅವನ ವಯಸ್ಸಿಗೆ ಶಾಲೆಯ ದಾಖಲೆ, ಜನನ ಪತ್ರ ಇಲ್ಲದಿದ್ದರೆ ಮೂಳೆಯ ಪರೀಕ್ಷೆ ಮಾಡಿ ವಯಸ್ಸು ನಿರ್ಧರಿಸುತ್ತಾರೆ. ನಾಲ್ಕು ಜನರ ಮನೆ ಒಂದೇ ದಿನದಲ್ಲಿ ಮೂರು ಜಾಗದಲ್ಲಿರುತ್ತದೆ. ಮೂರು ಇಲಾಖೆ, ಮೂರು ಕಡತ. ಒಂದು ಕಡತಕ್ಕೆ ಇನ್ನೊಂದು ಕಡತದ ನಂಬರು ಗೊತ್ತಿರಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ.

ಶಿಕ್ಷೆ ಮುಗಿಯಿತು ಎನ್ನಿ. ಆಗ ಸೊಂಡೆಕೊಪ್ಪದಂಥ ಕೇಂದ್ರದ ಸರದಿ. ಇವನು ತನ್ನವನು ಎಂದು ಬಾಂಗ್ಲಾದೇಶ ಒಪ್ಪುವ ತನಕ ಕಳಿಸುವಂತಿಲ್ಲ. ಅದಕ್ಕೆ ಊರಿನ ವಿಳಾಸ ಅಲ್ಲಿಗೆ ಹೋಗಿ, ಅಲ್ಲಿನ ಪೊಲೀಸರು ಪರಿಶೀಲಿಸಿ, ರಾಯಭಾರ ಕಚೇರಿಯ ಮೂಲಕ ಉತ್ತರ ಬರಬೇಕು. ನದಿ ಕೊರೆದು ಊರೇ ಜಾಗ ಬದಲಿಸುವ ಮುಖಜಭೂಮಿಯಲ್ಲಿ ವಿಳಾಸ ಸಿಗುವುದು ಸುಲಭವಲ್ಲ. ಶಿಕ್ಷೆಗೆ ಕೊನೆಯ ದಿನ ಇತ್ತು, ಈ ಕಾಯುವಿಕೆಗೆ ಇಲ್ಲ. ತಂದೆಯ ಉತ್ತರ ಮೊದಲು ಬಂದರೆ ತಂದೆ ಹೋಗುತ್ತಾನೆ. ತಾಯಿಯದು ಬರದಿದ್ದರೆ ತಾಯಿ ಉಳಿಯುತ್ತಾಳೆ. ಈ ನಡುವೆ ಮಗಳಿಗೆ ಆರು ತುಂಬಿದರೆ ಅವಳೂ ತಾಯಿಯ ಮಡಿಲಿನಿಂದ ಎದ್ದು ಬೇರೆ ಕಡತಕ್ಕೆ ಹೋಗುತ್ತಾಳೆ. ಬಾಲಮಂದಿರದಲ್ಲಿ ಕನ್ನಡ ಕಲಿತ ಹುಡುಗನನ್ನು ಯಾರ ಕೈಗೆ ಒಪ್ಪಿಸಬೇಕೆಂಬುದು ಕೊನೆಗೆ ಉಳಿಯುವ ಪ್ರಶ್ನೆ.

ಇದು ಬರೀ ಕಾಗದದ ಮೇಲಿನ ಭಯವಲ್ಲ. ಅಸ್ಸಾಮಿನಲ್ಲಿ ಬಂಧನ ಕೇಂದ್ರಗಳು ಮೊದಲು ಜೈಲುಗಳ ಒಳಗೇ ಇದ್ದವು. 2018ರ ಜನವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪರವಾಗಿ ಗೋಲ್ಪಾರ, ಕೊಕ್ರಜಾರ್ ಕೇಂದ್ರಗಳಿಗೆ ಹೋದ ಹರ್ಷ ಮಂದರ್ ನೋಡಿದ್ದು ಇದನ್ನೇ: ಗಂಡ ಒಂದು ಜಿಲ್ಲೆಯ ಕೇಂದ್ರದಲ್ಲಿ, ಹೆಂಡತಿ ಇನ್ನೊಂದರಲ್ಲಿ, ಆರು ದಾಟಿದ ಗಂಡುಮಕ್ಕಳು ತಾಯಿಯಿಂದ ದೂರ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಕುಟುಂಬಗಳ ಬೇರ್ಪಡಿಕೆಯೇ ದೊಡ್ಡ ವಿಷಯವಾಯಿತು. ಅದೇ ವರ್ಷ ಅಮೆರಿಕದ ಮೆಕ್ಸಿಕೊ ಗಡಿಯಲ್ಲಿ ತಂದೆತಾಯಿಯ ಮೇಲೆ ಕ್ರಿಮಿನಲ್ ಕೇಸು ಹಾಕಿ ಮಕ್ಕಳನ್ನು ಬೇರೆ ಇಲಾಖೆಗೆ ಒಪ್ಪಿಸುವ ನೀತಿ ಜಗತ್ತಿನ ಗಮನ ಸೆಳೆಯಿತು. 2017 ಮತ್ತು 2018ರಲ್ಲಿ ಹೀಗೆ ಬೇರಾದ ಮಕ್ಕಳ ಸಂಖ್ಯೆ ಐದು ಸಾವಿರ ದಾಟಿತೆಂದು ಆಮೇಲೆ ಗೊತ್ತಾಯಿತು. ಅವರನ್ನು ಮತ್ತೆ ಕೂಡಿಸುವಾಗ ಎದುರಾದ ಮೊದಲ ತೊಡಕು ಯಾವ ಮಗು ಯಾರದು ಎಂಬ ದಾಖಲೆಯೇ ಸರಿಯಾಗಿ ಇಲ್ಲದ್ದು. ಅಲ್ಲಿಯೂ ತಲೆಗಳ ಲೆಕ್ಕ ಪಕ್ಕಾ ಇತ್ತು.

ಬೆಂಗಳೂರಿನ ಮೂರು ಘಟನೆ

ಸೊಂಡೆಕೊಪ್ಪದ ಕೇಂದ್ರ ತೆರೆಯುವ ಮುನ್ನವೇ, 2019ರ ಅಕ್ಟೋಬರಿನಲ್ಲಿ ಬೆಂಗಳೂರು ಪೊಲೀಸರು ಬಾಂಗ್ಲಾದೇಶದವರೆಂದು ಸುಮಾರು 60 ಜನರನ್ನು ಹಿಡಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ನವೆಂಬರಿನಲ್ಲಿ ಕಾವಲಿನಲ್ಲಿ ರೈಲು ಹತ್ತಿಸಿ ಹೌರಾಕ್ಕೆ ಕಳಿಸಲಾಯಿತು, ಅಲ್ಲಿಂದ ಗಡಿಯ ಆಚೆಗೆ. ಪರಿಶೀಲನೆಗೆ ವರ್ಷಗಟ್ಟಲೆ ಕಾಯಿಸುವುದು ಒಂದು ತುದಿಯಾದರೆ, ನ್ಯಾಯಾಲಯದ ಪೂರ್ಣ ವಿಚಾರಣೆಯಿಲ್ಲದೆ ತರಾತುರಿಯಲ್ಲಿ ದಾಟಿಸುವುದು ಇನ್ನೊಂದು ತುದಿ. ನಡುವಿನ ದಾರಿಯನ್ನು ನಾವಿನ್ನೂ ಕಟ್ಟಿಲ್ಲ.

ಎರಡು ತಿಂಗಳ ಮೇಲೆ, 2020ರ ಜನವರಿಯಲ್ಲಿ, ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರಿದ್ದಾರೆಂದು ನೂರಾರು ಶೆಡ್ಡುಗಳನ್ನು ಕೆಡವಲಾಯಿತು. ಹೊರಬಿದ್ದವರು ಆಧಾರ್, ಮತದಾರರ ಚೀಟಿ ಹಿಡಿದು ನಿಂತರು. ಅಸ್ಸಾಂ, ತ್ರಿಪುರ, ಬಂಗಾಳದವರ ಜೊತೆಗೆ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಕನ್ನಡಿಗರೂ ಅಲ್ಲಿದ್ದರು. ನೀನು ಹೊರಗಿನವನಲ್ಲ ಎಂದು ನೀನೇ ತೋರಿಸು ಎಂಬ ಹೊಣೆ ಒಮ್ಮೆ ಸಡಿಲ ಬಿಟ್ಟರೆ ಯಾರ ಮೇಲಾದರೂ ಬೀಳಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಫೆಬ್ರುವರಿಯಲ್ಲಿ ಪೊಲೀಸರ ನೋಟಿಸು ಕಾನೂನಿಗೆ ವಿರುದ್ಧ ಎಂದಿತು. ಅದೇ ಮೇ ತಿಂಗಳಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಜಾಮೀನು ಅರ್ಜಿಗಳ ಗುಂಪೊಂದರ ಮೇಲೆ ಆದೇಶ ಬರೆಯುತ್ತಾ, ಬಂಧನ ಕೇಂದ್ರಗಳು ಹೇಗಿರಬೇಕು, ಹೆಂಗಸರು ಮತ್ತು ಮಕ್ಕಳ ವಿಷಯದಲ್ಲಿ ಏನು ಗಮನಿಸಬೇಕು ಎಂಬ ಮಾರ್ಗಸೂಚಿಯನ್ನೂ ಕೊಟ್ಟರು.

ಮೂರನೆಯದು ಒಂದು ಸಣ್ಣ ಮನೆಯ ಕತೆ. 2022ರಲ್ಲಿ ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದ ಎಳೆಯ ದಂಪತಿಯನ್ನು ಬಾಂಗ್ಲಾದೇಶದವರೆಂಬ ಸಂಶಯದ ಮೇಲೆ ಬೆಂಗಳೂರಿನಲ್ಲಿ ಹಿಡಿಯಲಾಯಿತು. ಅವರ ಜೊತೆ ಎರಡು ವರ್ಷದ ಆಸುಪಾಸಿನ ಮಗು ಇತ್ತು. ತಾವು ಭಾರತೀಯರೆಂಬ ದಾಖಲೆಗಳು ಊರಿನಲ್ಲಿ ಸಿಕ್ಕವು. ಆದರೂ ಜಾಮೀನು ಸಿಕ್ಕಿ ಹೊರಬರುವ ಹೊತ್ತಿಗೆ ಹತ್ತು ತಿಂಗಳ ಹತ್ತಿರ ಕಳೆದಿತ್ತು. ಆರು ವರ್ಷದೊಳಗಿನದಾದ್ದರಿಂದ ಮಗು ತಾಯಿಯ ಜೊತೆ ಒಳಗಿತ್ತು, ತಂದೆ ಬೇರೆ ಕಡೆ ಇದ್ದ. ಆ ಮಗುವಿನ ಬದುಕಿನ ಮೂರನೆಯ ಒಂದು ಭಾಗ ಗೋಡೆಯೊಳಗೆ ಹೋಯಿತು. ಅದು ಯಾವ ಗಡಿಯನ್ನೂ ದಾಟಿರಲಿಲ್ಲ.

ಮನೆಯನ್ನು ಎಣಿಸುವುದು

ಯಾವ ದೇಶವೂ ತನ್ನ ಗಡಿಯನ್ನು ಬಾಗಿಲಿಲ್ಲದೆ ಬಿಡುವುದಿಲ್ಲ. ಸುಳ್ಳು ಕಾಗದ ಮಾರುವ ದಲ್ಲಾಳಿಗಳಿದ್ದಾರೆ, ಹೆಣ್ಣುಮಕ್ಕಳನ್ನು ಸಾಗಿಸುವ ಜಾಲಗಳಿವೆ. ಅವನ್ನು ಹಿಡಿಯುವುದು ಪೊಲೀಸರ ಕೆಲಸ. ಇಲ್ಲಿನ ಪ್ರಶ್ನೆ ಬಾಗಿಲು ಬೇಕೋ ಬೇಡವೋ ಎಂಬುದಲ್ಲ. ಬಾಗಿಲಲ್ಲಿ ತಡೆದವರನ್ನು ಹೇಗೆ ಬರೆದುಕೊಳ್ಳುತ್ತೇವೆ ಎಂಬುದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿದೆ. ತಂದೆತಾಯಿಯಿಂದ ಮಗುವನ್ನು ಬಲವಂತವಾಗಿ ಬೇರ್ಪಡಿಸಬಾರದು, ಮಗುವಿನ ಬಂಧನ ಕೊನೆಯ ಉಪಾಯವಾಗಿರಬೇಕು, ಅದೂ ಅತಿ ಕಡಿಮೆ ಕಾಲಕ್ಕೆ ಎಂದು ಅದು ಹೇಳುತ್ತದೆ. 1951ರ ನಿರಾಶ್ರಿತರ ಒಡಂಬಡಿಕೆಗೆ ನಾವು ಸೇರಿಲ್ಲವಾದ್ದರಿಂದ ಮಕ್ಕಳ ಈ ಒಡಂಬಡಿಕೆಯೇ ಇಲ್ಲಿ ಹಿಡಿಯಬಹುದಾದ ಗಟ್ಟಿ ಹಗ್ಗ.

2025ರಲ್ಲಿ ಹಳೆಯ ಕಾಯ್ದೆ ಹೋಯಿತು. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳ ಬದಲಿಗೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು, ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ವಸಾಹತು ಕಾಲದ ಕಾನೂನನ್ನು ತೆಗೆದೆವು ಎಂಬ ಮಾತು ಕೇಳಿಬಂತು. ಆದರೆ 9ನೇ ಕಲಮಿನ ಹೊಣೆ ಹೊಸ ಕಾಯ್ದೆಯಲ್ಲೂ ಇದೆ: ವಿದೇಶಿ ಅಲ್ಲ ಎಂದು ತೋರಿಸಬೇಕಾದವನು ಈಗಲೂ ಹಿಡಿಯಲ್ಪಟ್ಟವನೇ. 1914ರಲ್ಲಿ ಬಾಸೆಲ್ ಮಿಷನ್ನಿನವರನ್ನು ಬೆಳಗಾವಿಗೂ ಅಹಮದ್‌ನಗರಕ್ಕೂ ಹಂಚಿದ ಕಾಲದ ಯೋಚನೆ, ಯುದ್ಧವಿಲ್ಲದ ಕಾಲದಲ್ಲೂ ಬದುಕಿದೆ.

ಬದಲಾವಣೆಗೆ ದೊಡ್ಡ ಕ್ರಾಂತಿ ಬೇಕಿಲ್ಲ. ಹಿಡಿದ ದಿನವೇ ಒಂದು ಮನೆಗೆ ಒಂದೇ ಕಡತ ತೆರೆಯಬಹುದು. ತಂದೆ, ತಾಯಿ, ಮಕ್ಕಳ ಹೆಸರು ಪಕ್ಕಪಕ್ಕದಲ್ಲಿರಲಿ, ಪರಿಶೀಲನೆಯ ಪತ್ರ ಒಟ್ಟಿಗೆ ಹೋಗಲಿ, ಉತ್ತರ ಬಂದಾಗ ಒಟ್ಟಿಗೆ ಕಳಿಸಲಿ. ಅಪಾಯವಿಲ್ಲದವರನ್ನು ಮುಚ್ಚಳಿಕೆ ಬರೆಸಿಕೊಂಡು ಹೊರಗಿಡಬಹುದು. ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಮಾಡಲಿ. ಇದು ಕನಸಿನ ಮಾತಲ್ಲ. ಅಸ್ಸಾಮಿನಲ್ಲಿ ಮೂರು ವರ್ಷ ಒಳಗಿದ್ದವರನ್ನು ಇದೇ ಬಗೆಯ ಷರತ್ತಿನ ಮೇಲೆ ಬಿಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2020ರಲ್ಲಿ ಆ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿತು. ಎರಡು ವರ್ಷದ ಮೇಲೆ ಮಾಡಬಹುದಾದ್ದನ್ನು, ಎಳೆಯ ಮಕ್ಕಳಿರುವ ಮನೆಗೆ ಮೊದಲ ದಿನವೇ ಮಾಡಬಹುದು.

ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ತಂದೆಯ ಅಥವಾ ತಾಯಿಯ ಹೆಸರು, ಊರಿನ ಹೆಸರು ಇರುತ್ತದೆ. ಹಬ್ಬಕ್ಕೆ ಯಾರು ಬಂದು ಕರೆದುಕೊಂಡು ಹೋಗುತ್ತಾರೆ ಎಂಬುದು ವಾರ್ಡನ್ನಿಗೆ ಗೊತ್ತಿರಬೇಕಾದ ಮೊದಲ ಸಂಗತಿ. ಸೊಂಡೆಕೊಪ್ಪದ ಆ ಕಟ್ಟಡದಲ್ಲಿ ಒಂದು ಕಾಲಕ್ಕೆ ಅಂಥ ಪುಸ್ತಕವೊಂದನ್ನು ಬರೆಯುತ್ತಿದ್ದರು. ಈಗ ಅಲ್ಲಿ ಬರೆಯುವ ಪುಸ್ತಕಕ್ಕೂ ಆ ಒಂದು ಕಾಲಂ ಬೇಕು.